ಒಗ್ಗರಣೆಯ ಸದ್ದು, ಧಾರಾವಾಹಿಯ ಮಾತು

ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಮುಂಬಯಿಯಲ್ಲಿ ಯಾವ ಕನ್ನಡಿಗರ ಮನೆಯ ಬಾಗಿಲು ತಟ್ಟಿದರೂ ಎರಡು ಸದ್ದುಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ಒಂದು ಅಡುಗೆಮನೆಯದು, ಮತ್ತೊಂದು ಟಿ.ವಿ.ಯದು. ಇವೆರಡೂ ಪರಸ್ಪರ ವೈರಿಗಳೆಂದು ತಿಳಿದವರೇ ಹೆಚ್ಚು. ಧಾರಾವಾಹಿಯ ಗುಂಗಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ ಗೃಹಿಣಿಯ ಪ್ರಹಸನವನ್ನು ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ನಾವೆಲ್ಲ ಎಷ್ಟು ಬಾರಿ ನೋಡಿಲ್ಲ! ನಗು ಬರುವುದೇನೋ ನಿಜ. ಆದರೆ ಧಾರಾವಾಹಿಯೆಂಬ ಪ್ರಕಾರ ಹುಟ್ಟಿ ಬೆಳೆದ ಬಗೆಯನ್ನು ಗಮನಿಸಿದರೆ ಅಡುಗೆಮನೆಯೇ ಅದರ ತವರುಮನೆ ಎಂಬುದು ತಿಳಿದೀತು.

ಧಾರಾವಾಹಿ ಮೊದಲು ಕಾಣಿಸಿಕೊಂಡದ್ದು ತೆರೆಯ ಮೇಲಲ್ಲ, ರೇಡಿಯೋದಲ್ಲಿ. ಅಮೆರಿಕದ ಷಿಕಾಗೋ ನಗರದ ಒಂದು ಬಾನುಲಿ ಕೇಂದ್ರದಿಂದ 1930ರಲ್ಲಿ ಇರ್ನಾ ಫಿಲಿಪ್ಸ್ ಎಂಬ ಲೇಖಕಿ ಬರೆದ 'ಪೇಂಟೆಡ್ ಡ್ರೀಮ್ಸ್' ಎಂಬ ಕೌಟುಂಬಿಕ ಕಥಾಮಾಲೆ ಪ್ರಸಾರವಾಯಿತು. ಈ ಬಗೆಯ ಕಥೆಗಳನ್ನು ಹಗಲು ಹೊತ್ತಿನಲ್ಲಿ ಕೇಳುತ್ತಿದ್ದವರು ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು. ಅವರಿಗೆ ಸಾಬೂನು ಮಾರಬೇಕಿದ್ದ ಕಂಪೆನಿಗಳು ಮುಂದೆ ಇಂಥ ಕಥೆಗಳ ಖರ್ಚು ವಹಿಸಿಕೊಂಡವು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಇವಕ್ಕೆ 'ಸೋಪ್ ಆಪೆರಾ' ಎಂಬ ಹೆಸರು ನಿಂತಿತು. ಕೇಳುವವಳ ಕೈ ಹಿಟ್ಟಿನಲ್ಲಿದೆ, ಕಣ್ಣು ಒಲೆಯ ಮೇಲಿದೆ, ಬಿಡುವಾಗಿರುವುದು ಕಿವಿ ಮಾತ್ರ. ಆ ಕಿವಿಯನ್ನು ಹಿಡಿದಿಡಲು ಲೇಖಕರು ಕೆಲವು ಉಪಾಯಗಳನ್ನು ರೂಢಿಸಿಕೊಂಡರು. ಪಾತ್ರಗಳು ಮಾತುಮಾತಿಗೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬೇಕು. ನಡೆದ ಸಂಗತಿಯನ್ನು ಇನ್ನೊಂದು ಪಾತ್ರಕ್ಕೆ ಮತ್ತೆ ವಿವರಿಸಬೇಕು. ವಿರಾಮದ ನಂತರದ ಮೊದಲ ಮಾತಿನಲ್ಲಿಯೇ ವಿರಾಮಕ್ಕೆ ಮೊದಲಿನ ಕಥೆ ಸುಳಿಯಬೇಕು.

ತೊಂಬತ್ತಕ್ಕೂ ಮಿಕ್ಕಿದ ವರ್ಷಗಳ ನಂತರವೂ ನಮ್ಮ ಕನ್ನಡ ವಾಹಿನಿಗಳ ದಿನನಿತ್ಯದ ಧಾರಾವಾಹಿಗಳು ಈ ಹಳೆಯ ಜಾಡನ್ನೇ ಹಿಡಿದು ನಡೆದಿವೆ. ಪರೀಕ್ಷಿಸಬೇಕೆಂದಿದ್ದರೆ ಓದುಗರು ಒಂದು ಕಂತನ್ನು ಕಣ್ಣುಮುಚ್ಚಿ ಕೇಳಬಹುದು. ಯಾರು ಬಂದರು, ಯಾರು ಹೋದರು, ಯಾರ ಗುಟ್ಟು ರಟ್ಟಾಯಿತು ಎಂಬುದೆಲ್ಲ ಕಿವಿಗೇ ತಿಳಿಯುತ್ತದೆ. ಗುಡುಗಿನಂತಹ ಸಂಗೀತ ಮೂರು ಸಲ ಮೊಳಗಿ, ಮೂರು ದಿಕ್ಕಿನಿಂದ ಮುಖ ತೋರಿಸುವುದನ್ನು ಕುಳಿತು ನೋಡುವವರು ಅತಿರೇಕವೆಂದು ಟೀಕಿಸುತ್ತಾರೆ. ಆ ಸಂಗೀತ ಅವರಿಗಾಗಿ ಅಲ್ಲವೇ ಅಲ್ಲ. ಅದು ಅಡುಗೆಮನೆಯಲ್ಲಿ ನಿಂತವಳಿಗೆ ಕಳಿಸಿದ ಕರೆ. ಸೌಟು ಕೆಳಗಿಟ್ಟು ಬಾಗಿಲವರೆಗೆ ಬಂದು ಇಣುಕಲು ಅಷ್ಟು ಸಮಯ ಬೇಕಲ್ಲವೇ?

ನಾನು ಬ್ಯಾಂಕಿನ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮನೆ ಸೇರುವಾಗ ಏಳೂವರೆ ದಾಟಿರುತ್ತದೆ. ಹಾಲ್‌ನಲ್ಲಿ ಅತ್ತೆಯವರ ಧಾರಾವಾಹಿ, ಒಳಗೆ ನನ್ನ ಅಡುಗೆ. ನಡುವೆ ಇರುವುದು ಒಂದು ಗೋಡೆ, ಅದರಲ್ಲೊಂದು ಬಾಗಿಲು. "ಬೇಗ ಬಾ ಮಾರಾಯ್ತಿ, ಸತ್ಯ ಎಲ್ಲ ಹೇಳ್ತಾ ಇದ್ದಾಳೆ" ಎಂದು ಅವರು ಕೂಗುತ್ತಾರೆ. ನಾನು ಹೋಗುವಷ್ಟರಲ್ಲಿ ಜಾಹೀರಾತು ಬಂದಿರುತ್ತದೆ. ಆಗ ತಪ್ಪಿಹೋದ ದೃಶ್ಯವನ್ನು ಅವರು ಅಭಿನಯ ಸಹಿತ ವಿವರಿಸುವುದು ಮೂಲಕ್ಕಿಂತ ಚೆನ್ನಾಗಿರುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇಂತಹ ಮನೆಗಳು ನಮ್ಮಲ್ಲಿ ಸಾವಿರಾರು. ಧಾರಾವಾಹಿಯನ್ನು ನೋಡುವವರು ಒಬ್ಬರು, ಕೇಳುವವರು ಇನ್ನೊಬ್ಬರು. ಕೇಳುವವರು ಪ್ರಾಯಶಃ ಯಾವಾಗಲೂ ಹೆಂಗಸರೇ ಎಂಬ ಮಾತನ್ನು ಇಲ್ಲಿ ಹೇಳಿಟ್ಟು ಮುಂದುವರಿಯುತ್ತೇನೆ.

ಮುಂಬಯಿಯಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. 1984ರಲ್ಲಿ 'ಹಮ್ ಲೋಗ್' ಬಂತು. 1986ರಲ್ಲಿ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಬಂದಾಗ ಭಾಷೆ ಹಿಂದಿಯಾದರೂ ಆಗುಂಬೆಯ ಬೀದಿಗಳನ್ನು ಕಂಡು ನಮ್ಮ ಹಿರಿಯರು ಹಿಗ್ಗಿದ್ದರು. ಆದರೆ ಪ್ರತಿದಿನವೂ ಮನೆಯೊಳಗೆ ಕನ್ನಡ ಕೇಳಿಸುವ ಭಾಗ್ಯ ಬಂದದ್ದು 1994ರಲ್ಲಿ ಉದಯ ಟಿ.ವಿ., 2000ದ ಕೊನೆಯಲ್ಲಿ ಈಟಿವಿ ಕನ್ನಡ ಆರಂಭವಾದ ಮೇಲೆಯೇ. ಅದೂ ಸುಲಭಕ್ಕೆ ಸಿಗಲಿಲ್ಲ. ಕಟ್ಟಡದಲ್ಲಿ ನಾಲ್ಕಾರು ಕನ್ನಡಿಗರ ಮನೆಗಳಿದ್ದು, ಎಲ್ಲರೂ ಸೇರಿ ಕೇಬಲ್‌ನವನನ್ನು ಕೇಳಿಕೊಂಡರೆ ಅವನು ಮನಸ್ಸು ಮಾಡುತ್ತಿದ್ದ. 2012ರ ನವೆಂಬರ್‌ನಿಂದ ಮುಂಬಯಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರವರಿಯಲ್ಲಿ ಬಂದ ಹೊಸ ದರಪದ್ಧತಿಯಂತೆ ಪಾವತಿ ವಾಹಿನಿಗಳನ್ನು ಬಿಡಿಬಿಡಿಯಾಗಿಯೂ ಆರಿಸಿಕೊಳ್ಳುವಂತಾಯಿತು. ಈಗ ಮೊಬೈಲಿನಲ್ಲೇ ಜೀ ಕನ್ನಡದ್ದು ಜೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ ಬೇಕಾದ ಹೊತ್ತಿಗೆ ಸಿಗುತ್ತವೆ.

ಹೊರನಾಡಿನಲ್ಲಿರುವ ನಮಗೆ ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಹಿಂದಿ-ಮರಾಠಿ. ಕರಾವಳಿ ಮೂಲದ ಅನೇಕ ಮನೆಗಳಲ್ಲಿ ಮಾತಾಡುವುದು ತುಳು ಅಥವಾ ಕೊಂಕಣಿ. ಅಂತಹ ಮಗುವಿನ ಕಿವಿಗೆ ನಿರಂತರವಾಗಿ ಕನ್ನಡ ಬೀಳುವುದು ಅಜ್ಜಿಯ ಧಾರಾವಾಹಿಯಿಂದ ಮಾತ್ರ. ನನ್ನ ಪರಿಚಯದ ಒಂದು ಮನೆಯಲ್ಲಿ ಬಂಟ್ವಾಳದ ಕಡೆಯ ಹುಡುಗಿಯೊಬ್ಬಳು ಅಪ್ಪಟ ಬೆಂಗಳೂರಿನ ಧಾಟಿಯಲ್ಲಿ "ಹೋಗ್ತೀನಿ, ಬರ್ತೀನಿ" ಎನ್ನುತ್ತಾಳೆ. "ಹೋಗ್ತೇನೆ, ಬರ್ತೇನೆ" ಎನ್ನುವ ಅವಳ ತಂದೆ-ತಾಯಿಗೆ ಅದು ಸೋಜಿಗ. ಆದರೆ ಧಾರಾವಾಹಿಯಿಂದ ಬರುವ ಕನ್ನಡಕ್ಕೊಂದು ಮಿತಿಯಿದೆ. ಅದು ಜಗಳದ, ಕಣ್ಣೀರಿನ, ಸಂಚಿನ ಮಾತು. 'ದ್ರೋಹ', 'ಋಣ', 'ಮನೆತನದ ಮರ್ಯಾದೆ' ಎಂಬ ಪದಗಳು ಮಗುವಿಗೆ ಸಲೀಸು. ಸೌತೆಕಾಯಿ ಕೊಚ್ಚುವುದಕ್ಕೂ ಬೆಂಡೆಕಾಯಿ ಹೆಚ್ಚುವುದಕ್ಕೂ, ಬೆಳ್ಳುಳ್ಳಿ ಜಜ್ಜುವುದಕ್ಕೂ ಕಾಯಿ ರುಬ್ಬುವುದಕ್ಕೂ, ಹುರಿಯುವುದಕ್ಕೂ ಬಾಡಿಸುವುದಕ್ಕೂ ಇರುವ ಅಂತರ ಅದಕ್ಕೆ ತಿಳಿಯದು. ಎಲ್ಲಕ್ಕೂ 'ಕಟ್ ಮಾಡು, ಫ್ರೈ ಮಾಡು, ಮಿಕ್ಸಿ ಮಾಡು' ಎಂಬ ಮೂರೇ ಕ್ರಿಯಾಪದ. ಕನ್ನಡದ ಕ್ರಿಯಾಪದಗಳ ಉಗ್ರಾಣ ಇರುವುದು ಅಡುಗೆಮನೆಯಲ್ಲಿ. ಆದುದರಿಂದ ಹಾಲ್‌ನ ಕನ್ನಡ ಮತ್ತು ಅಡುಗೆಮನೆಯ ಕನ್ನಡ ಒಂದೇ ಹೊತ್ತಿನಲ್ಲಿ ಮಗುವಿಗೆ ಸಿಗಬೇಕಾದರೆ, ಟಿ.ವಿ. ನೋಡುತ್ತಲೇ ಮನೆಮಂದಿಯೆಲ್ಲ ಕೈ ಹಾಕಬಹುದಾದ ಸರಳ ಅಡುಗೆ ಬೇಕು.

ಎಲ್ಲ ಅಡುಗೆಯೂ ಇದಕ್ಕೆ ಒಗ್ಗುವುದಿಲ್ಲ. ಅತಿ ಪ್ರತಿಕೂಲವಾದದ್ದು ದೋಸೆ. ನೀರುದೋಸೆಯ ಹಿಟ್ಟು ಹುದುಗಬೇಕಿಲ್ಲ, ಸುಲಭದ ಅಡುಗೆ ಎಂಬ ಹೆಸರಿದೆ. ಆದರೆ ಒಂದೊಂದು ದೋಸೆಯೂ ಕಾವಲಿಯ ಮೇಲೆ ಸುಮಾರು ಎರಡು ನಿಮಿಷ ಬೇಡುತ್ತದೆ. ನಾಲ್ವರಿಗೆ ತಲಾ ಮೂರೆಂದರೂ ಹನ್ನೆರಡು ದೋಸೆ, ಇಪ್ಪತ್ತನಾಲ್ಕು ನಿಮಿಷ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಕಥೆ ಇರುವುದೇ ಹೆಚ್ಚುಕಡಿಮೆ ಅಷ್ಟು. ದೋಸೆ ಹೊಯ್ಯುವವಳಿಗೆ ಕಥೆಯೂ ಇಲ್ಲ, ಬಿಸಿ ದೋಸೆಯೂ ಇಲ್ಲ. ಉತ್ತರ ಕರ್ನಾಟಕದವರ ಬಿಸಿ ರೊಟ್ಟಿಯ ಕಥೆಯೂ ಇದೇ. ಅವರಾದರೂ ಕಟಕ್ ರೊಟ್ಟಿಯನ್ನು ಮೊದಲೇ ಮಾಡಿ ಪೇರಿಸಿಡುವ ಜಾಣತನ ತೋರಿದ್ದಾರೆ.

ಇದಕ್ಕೆ ತದ್ವಿರುದ್ಧವಾದದ್ದು ಉಪ್ಪಿಟ್ಟು. ಭಾನುವಾರವೇ ರವೆ ಹುರಿದು ಡಬ್ಬಿಯಲ್ಲಿಟ್ಟಿದ್ದರೆ ವಾರದ ದಿನ ಹದಿನೈದು ನಿಮಿಷದ ಕೆಲಸ. ಒಗ್ಗರಣೆಗೆ ಸಾಸಿವೆ ಸಿಡಿದದ್ದು ಕಿವಿಗೆ ತಿಳಿಯುತ್ತದೆ; ಉದ್ದಿನಬೇಳೆ ಕೆಂಪಾದದ್ದಕ್ಕೆ ಮಾತ್ರ ಕಣ್ಣು ಬೇಕು. ಈರುಳ್ಳಿ ಬಾಡಿದ ಮೇಲೆ ಒಂದು ಅಳತೆ ರವೆಗೆ ಎರಡೂವರೆ ಅಳತೆಯಂತೆ ನೀರು ಹೊಯ್ದು, ಬನ್ಸಿ ರವೆಯಾದರೆ ಮೂರು ಅಳತೆ, ಉಪ್ಪು ಹಾಕಿ ಹೊರಗೆ ಬಂದು ಕುಳಿತುಕೊಳ್ಳಬಹುದು. ನೀರು ಮರಳುವ ಸದ್ದು ಹಾಲ್‌ವರೆಗೂ ಕೇಳುತ್ತದೆ. ರವೆ ಸುರಿಯುವ ಎರಡು ನಿಮಿಷ ಮಾತ್ರ ಕೈ-ಕಣ್ಣು ಎರಡೂ ಬೇಕು, ಇಲ್ಲವಾದರೆ ಗಂಟು ಕಟ್ಟುತ್ತದೆ. ಅದನ್ನು ಜಾಹೀರಾತಿಗೆ ಹೊಂದಿಸಿಕೊಳ್ಳಬೇಕು. ಕೇಬಲ್ ಟಿ.ವಿ. ನಿಯಮಗಳು ಜಾಹೀರಾತಿಗೆ ಹಾಕಿದ ಮಿತಿ ಗಂಟೆಗೆ 12 ನಿಮಿಷ. ಅದರಲ್ಲಿ ಹತ್ತು ನಿಮಿಷ ವ್ಯಾಪಾರದ್ದು, ಎರಡು ನಿಮಿಷ ವಾಹಿನಿಯ ಸ್ವಂತ ಪ್ರಚಾರದ್ದು. ಅರ್ಧ ಗಂಟೆಗೆ ಆರು ನಿಮಿಷ ಎಂದಿಟ್ಟುಕೊಂಡು, ಎರಡು ವಿರಾಮಗಳಿಗೆ ಹಂಚಿದರೆ ಒಂದೊಂದರಲ್ಲಿ ಮೂರು ನಿಮಿಷ. ರವೆ ಕಲಸಿ, ಉರಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ ಬರಲು ಧಾರಾಳ ಸಾಕು. (ಬ್ಯಾಂಕಿನವರಿಗೆ ಎಲ್ಲವನ್ನೂ ಲೆಕ್ಕಕ್ಕೆ ಇಳಿಸುವ ಅಭ್ಯಾಸ, ಓದುಗರು ಮನ್ನಿಸಬೇಕು.)

ಬೆಳಗಿನ ಅನ್ನ ಉಳಿದಿದ್ದರೆ ಚಿತ್ರಾನ್ನ. ಇಲ್ಲಿ ನೆನಪಿಡಬೇಕಾದದ್ದು ಒಂದೇ: ಒಲೆ ಆರಿಸಿದ ಮೇಲೆಯೇ ನಿಂಬೆರಸ ಹಿಂಡಬೇಕು, ಉರಿಯ ಮೇಲೆ ಹಿಂಡಿದರೆ ಕಹಿಯಾಗುತ್ತದೆ. ಜೊತೆಗೊಂದು ತಂಬುಳಿ ಇದ್ದರೆ ರಾತ್ರಿಯ ಊಟ ಹಗುರ. ದೊಡ್ಡಪತ್ರೆಯ ಗಿಡವನ್ನು ಬಾಲ್ಕನಿಯ ಕುಂಡದಲ್ಲಿ ಬೆಳೆಸದ ಕನ್ನಡಿಗರ ಮನೆ ಅಪರೂಪ. ಏಳೆಂಟು ಎಲೆಗಳನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವ ಪ್ರಶ್ನೆಯೇ ಇಲ್ಲ. ಆದರೆ ರುಬ್ಬುವುದನ್ನು ಶೀರ್ಷಿಕೆ ಗೀತೆಗೆ ಮೊದಲೇ ಮುಗಿಸಿಡುವುದು ಕ್ಷೇಮ. ಧಾರಾವಾಹಿಗೆ ಮಿಕ್ಸಿಯಷ್ಟು ದೊಡ್ಡ ಖಳನಾಯಕ ಇನ್ನೊಬ್ಬನಿಲ್ಲ. ಕುಕ್ಕರಿನ ಸೀಟಿಯೂ ಕಡಿಮೆಯದಲ್ಲ: ನಾಯಕಿಯ ತಂದೆ ಯಾರೆಂದು ಹೇಳುವ ಕ್ಷಣಕ್ಕೇ ಅದು ಕೂಗುವುದೆಂಬುದು ನನ್ನ ದೀರ್ಘಕಾಲದ ಅನುಭವ.

ಸಂಜೆಯ ಬಾಯಾಡಿಸುವ ತಿಂಡಿಗೆ ಹುಬ್ಬಳ್ಳಿ-ಧಾರವಾಡದವರ ಗಿರಮಿಟ್ ಇದೆ, ಕರಾವಳಿಯವರ ಚುರುಮುರಿ ಇದೆ. ಮುಂಬಯಿಯಲ್ಲಿ ಕುರ್ಮುರಾ ಪ್ರತಿ ಗಲ್ಲಿಯಲ್ಲೂ ಸಿಗುವುದರಿಂದ ಇವೆರಡಕ್ಕೂ ಕೊರತೆಯಿಲ್ಲ. ಈರುಳ್ಳಿ ಹೆಚ್ಚುವ ಕೆಲಸವನ್ನು ಹಾಲ್‌ಗೆ ತಂದು ಗಂಡಸರ ಕೈಗೆ ಕೊಡಬಹುದು. ಆ ಹೊತ್ತಿನ ಕಣ್ಣೀರಿಗೆ ಧಾರಾವಾಹಿಯನ್ನು ಕಾರಣವಾಗಿ ತೋರಿಸುವ ಅನುಕೂಲವೂ ಅವರಿಗುಂಟು.

ಈಚಿನ ವರ್ಷಗಳಲ್ಲಿ ಹೊಸ ಧಾರಾವಾಹಿಗಳೇ ಅಡುಗೆಮನೆಯನ್ನು ಕಥೆಯ ಕೇಂದ್ರಕ್ಕೆ ತಂದದ್ದನ್ನು ಗಮನಿಸಬೇಕು. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀಯವರು ನಿರ್ವಹಿಸಿದ ಪುಟ್ಟಕ್ಕ ಗಂಡನಿಂದ ದೂರವಾಗಿ, ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಮುಂಬಯಿಯ ನಮಗೆ ಈ ಕಥೆ ಬಲು ಹತ್ತಿರದ್ದು. ಖಾನಾವಳಿಯ ಅನ್ನ ಉಂಡು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಮಕ್ಕಳು ನಾವು. ಕಲರ್ಸ್ ಕನ್ನಡದಲ್ಲಿ 2022ರಲ್ಲಿ ಬಂದ 'ಭಾಗ್ಯಲಕ್ಷ್ಮಿ'ಯ ಭಾಗ್ಯ ಅಡುಗೆಯಲ್ಲಿ ನಿಪುಣೆ. ಗಂಡನ ತಾತ್ಸಾರಕ್ಕೆ ಗುರಿಯಾಗಿ, ದೊಡ್ಡ ಮಕ್ಕಳ ತಾಯಿಯಾದ ಮೇಲೆ ಹತ್ತನೆಯ ತರಗತಿ ಮುಗಿಸಲು ಶಾಲೆಗೆ ಹೋಗುತ್ತಾಳೆ. ಮನೆಯವರೆಲ್ಲ ಉಂಡು ಕೈತೊಳೆದು ಎದ್ದುಹೋಗುವ ಅಡುಗೆಗೆ ಬೆಲೆಯೆಷ್ಟು ಎಂಬ ಪ್ರಶ್ನೆಯನ್ನು ಈ ಎರಡೂ ಕಥೆಗಳು ಎತ್ತುತ್ತವೆ. ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿಸಿಕೊಳ್ಳುವವಳಿಗೆ ಆ ಪ್ರಶ್ನೆ ಎಲ್ಲಿ ತಾಗುತ್ತದೆಂಬುದನ್ನು ಹಾಲ್‌ನಲ್ಲಿ ಕುಳಿತವರು ಅರಿಯರು.

ಮುಂಬಯಿಯವರಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ನಾವು ಮರಾಠಿ ಧಾರಾವಾಹಿಗಳನ್ನೂ ನೋಡುತ್ತೇವೆ. 2019ರಲ್ಲಿ ಜೀ ಮರಾಠಿಯಲ್ಲಿ ಬಂದ 'ಅಗ್ಗಬಾಯಿ ಸಾಸೂಬಾಯಿ'ಯಲ್ಲಿ ವಿಧವೆ ಅತ್ತೆಗೆ ಸೊಸೆಯೇ ಮುಂದೆ ನಿಂತು ಮರುಮದುವೆ ಮಾಡಿಸುತ್ತಾಳೆ. ವರನಾದರೋ ಹೆಸರಾಂತ ಬಾಣಸಿಗ. ಕೈರುಚಿಯೇ ಅವರಿಬ್ಬರನ್ನು ಹತ್ತಿರ ತಂದ ಆ ಕಥೆಯನ್ನು ಹಿರಿಯರೂ ಮುಖ ಸಿಂಡರಿಸದೆ ನೋಡಿದರು. ಜೀ ಕನ್ನಡದ 'ಜೊತೆಜೊತೆಯಲಿ' 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದಾಗ, ಅದರ ಮೂಲವಾದ ಮರಾಠಿಯ 'ತುಲಾ ಪಾಹತೇ ರೇ' ಇಲ್ಲಿ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ಉಡುಪಿಯಲ್ಲಿರುವ ನನ್ನ ನಾದಿನಿ ಆಗ ಫೋನು ಮಾಡಿದಾಗಲೆಲ್ಲ "ಅತ್ತಿಗೆ, ದಮ್ಮಯ್ಯ, ಮುಂದಿನದ್ದು ಹೇಳಬೇಡಿ" ಎಂದೇ ಮಾತು ಶುರುಮಾಡುತ್ತಿದ್ದಳು.

ಕಥೆಗಳು ಬದಲಾದರೂ ತೆರೆಯ ಮೇಲಿನ ಅಡುಗೆಮನೆ ಇನ್ನೂ ನಂಬುವಂತಾಗಿಲ್ಲ. ಜರಿ ಸೀರೆ ಉಟ್ಟು ಒಗ್ಗರಣೆ ಹಾಕುತ್ತಾರೆ, ಸೆರಗು ಸಿಕ್ಕಿಸುವುದಿಲ್ಲ. ಮೇಜಿನ ಮೇಲೆ ಹತ್ತು ಬಗೆ ಜೋಡಿಸಿರುತ್ತದೆ. ಮೊದಲ ತುತ್ತು ಬಾಯಿಗೆ ಹೋಗುವ ಮುನ್ನ ಜಗಳವಾಗಿ ಎಲ್ಲರೂ ಏಳುತ್ತಾರೆ. ಅಷ್ಟು ಅನ್ನ ಏನಾಯಿತೆಂದು ಅತ್ತೆಯವರು ಪ್ರತಿ ಸಲವೂ ಮರುಗುತ್ತಾರೆ. ಅಡುಗೆಯನ್ನೇ ಕಲಿಸುವ ಕಾರ್ಯಕ್ರಮಗಳ ಪರಂಪರೆ ಬೇರೆಯೇ. ಜೀ ಟಿ.ವಿ.ಯಲ್ಲಿ 1993ರಲ್ಲಿ ಆರಂಭವಾದ ಸಂಜೀವ್ ಕಪೂರರ 'ಖಾನಾ ಖಜಾನಾ'ವನ್ನು ಪುಸ್ತಕ-ಪೆನ್ನು ಹಿಡಿದು ನೋಡಿದ ತಲೆಮಾರು ನಮ್ಮದು. ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರು 'ಬೊಂಬಾಟ್ ಭೋಜನ'ದಲ್ಲಿ ಹರಟೆಯ ಧಾಟಿಯಲ್ಲಿ ಕಲಿಸುವುದು ನನಗೆ ಇಷ್ಟ. ಅಡುಗೆ ಬಾರದವರನ್ನೂ ಸೇರಿಸಿ ನಗಿಸುವ ಹೊಸ ಸ್ಪರ್ಧೆಗಳೂ ಬಂದಿವೆ. 2021ರಲ್ಲಿ ಸ್ಟಾರ್ ಸುವರ್ಣದ 'ಕುಕ್ ವಿತ್ ಕಿರಿಕ್ಕು' ಅಂಥದ್ದು. ನಗಲು ಚೆನ್ನ, ಕಲಿಯಲು ಸಾಲದು. ಇವುಗಳಲ್ಲಿಯೂ ಕೊತ್ತಂಬರಿ ಸೊಪ್ಪು 'ಕೊರಿಯಾಂಡರ್ ಲೀವ್ಸ್' ಆಗಿ, ಅರಿಶಿನ 'ಟರ್ಮರಿಕ್' ಆಗಿ ಬರುವುದನ್ನು ಕೇಳಿದಾಗ ಮಾತ್ರ ಕಸಿವಿಸಿಯಾಗುತ್ತದೆ. ಮಾಟುಂಗಾದ ಅಂಗಡಿಯವನು, ಕನ್ನಡಿಗನಲ್ಲದಿದ್ದರೂ, 'ಬ್ಯಾಡಗಿ' ಎಂದರೆ ತಕ್ಷಣ ಚೀಲಕ್ಕೆ ಕೈ ಹಾಕುತ್ತಾನಲ್ಲ!

ಇನ್ನು ಮಕ್ಕಳು ನೋಡುವ ವೆಬ್ ಸರಣಿಗಳ ವಿಚಾರ. ಇವು ಕಿವಿಗೆ ಮಣಿಯುವುದಿಲ್ಲ. ಪಾತ್ರಗಳು ಹೆಸರು ಹಿಡಿದು ಕರೆಯುವುದಿಲ್ಲ, ಕಥೆಯನ್ನು ಮತ್ತೊಮ್ಮೆ ಹೇಳುವುದಿಲ್ಲ, ಮುಖ್ಯ ಸುಳಿವೊಂದು ಮಾತಿಲ್ಲದೆ ಒಂದೇ ನೋಟದಲ್ಲಿ ದಾಟಿಹೋಗುತ್ತದೆ. 2020ರಲ್ಲಿ ಆರಂಭವಾದ ಹಿಂದಿಯ 'ಪಂಚಾಯತ್' ಸರಣಿಯನ್ನು ಮನೆಮಂದಿಯೆಲ್ಲ ಕುಳಿತು ನೋಡಬಹುದು. ಅದರಲ್ಲಿ ಸೋರೆಕಾಯಿ ಪಡೆದ ಪ್ರಾಮುಖ್ಯವನ್ನು ಅಡುಗೆಮನೆಯಿಂದ ಅರಿಯಲಾಗದು, ಎದುರು ಕುಳಿತೇ ನೋಡಬೇಕು. ಕನ್ನಡದಲ್ಲಿ 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ಬಂದ ರಮೇಶ್ ಇಂದಿರಾ ನಿರ್ದೇಶನದ 'ಅಯ್ಯನ ಮನೆ' ಏಳು ಕಂತುಗಳ ರೋಚಕ ಕಥೆ. ಇಂಥವು ಹೆಚ್ಚಿದಂತೆ ಒಂದೋ ಅಡುಗೆ ಮಾಡುವವಳು ಹೊರಗುಳಿಯುತ್ತಾಳೆ, ಇಲ್ಲವೇ ಅಡುಗೆಯೇ ಹೊರಗಿನಿಂದ ಬರುತ್ತದೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಶನಿವಾರ ರಾತ್ರಿ ಪೊಟ್ಟಣ ಹಿಡಿದ ಹುಡುಗರೇ ತುಂಬಿರುತ್ತಾರೆ. ಎರಡೂ ನನಗೆ ಸಮ್ಮತವಲ್ಲ. ಹಳೆಯ ಧಾರಾವಾಹಿಗೆ ಇಲ್ಲದಿದ್ದ ಒಂದು ಸೌಲಭ್ಯ ಇವಕ್ಕಿದೆ: ನಿಲ್ಲಿಸಿಟ್ಟು ಮತ್ತೆ ಮುಂದುವರಿಸಬಹುದು. ಅವಳು ಬಂದು ಕೂರುವವರೆಗೆ ಕಾಯುವುದಕ್ಕೆ ಈಗ ಯಾವ ನೆಪವೂ ಉಳಿದಿಲ್ಲ. ಅದಕ್ಕಿಂತ ಮೇಲು, ಎಲ್ಲರೂ ಒಳಗೆ ಹೋಗಿ ಕಾಲು ಗಂಟೆಯಲ್ಲಿ ಅಡುಗೆ ಮುಗಿಸಿ ಒಟ್ಟಿಗೆ ಹೊರಗೆ ಬರುವುದು.

ಅಂಥ ರಾತ್ರಿಗೆ ನಮ್ಮ ಮನೆಯಲ್ಲಿ ಆಗುವುದು ಕಲಸಿದ ಅವಲಕ್ಕಿ. ಕಾಯಿ ತುರಿಯುವುದು ಮನೆಯವರ ಪಾಲು, ಬೆಲ್ಲ ಜಜ್ಜುವುದು ಮಗನದು, ಹದ ನೋಡುವುದು ಅತ್ತೆಯವರದು. ಒಂದು ಬಟ್ಟಲು ಕಾಯಿತುರಿಗೆ ಎರಡು ಚಮಚ ಬೆಲ್ಲ, ಒಂದೂವರೆ ಚಮಚ ಸಾರಿನಪುಡಿ, ಉಪ್ಪು ಸೇರಿಸಿ ಕೈಯಲ್ಲಿ ಚೆನ್ನಾಗಿ ಹಿಸುಕಬೇಕು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ. ಅವಲಕ್ಕಿ ತೆಳುವಾದದ್ದೇ ಬೇಕು. ಇಲ್ಲಿನವರು ಕಾಂದೇಪೋಹೆಗೆ ಬಳಸುವ ದಪ್ಪದ್ದು ಹಸಿಯಾಗಿ ಅಗಿಯಲು ಬಾರದು. ಮೂರು ಬಟ್ಟಲು ಅವಲಕ್ಕಿಯನ್ನು ಕೊನೆಯಲ್ಲಿ ಬೆರೆಸಬೇಕು, ಅದೂ ಕಂತು ಆರಂಭಿಸಲು ಗುಂಡಿ ಒತ್ತುವ ಮುನ್ನವಷ್ಟೇ. ಮೊದಲೇ ಕಲಸಿಟ್ಟರೆ ಕಾಯಿಯ ಪಸೆ ಕುಡಿದು ಮೆತ್ತಗಾಗುತ್ತದೆ, ಮೊದಲ ಕಂತು ಮುಗಿಯುವುದರೊಳಗೆ ಗರಿಗರಿ ಹೋಗಿರುತ್ತದೆ.